ಹುಣಸೆಬೀಜದಷ್ಟು ಜಾಗ

ನಾನು ನಟನಟಿಯರಿಗೆ ಗಾಯ ಅಂಟಿಸುವವಳು. ಚಿತ್ರದುರ್ಗದಲ್ಲಿ ಮನೆ ಹುಡುಕುವಾಗ ನಿಜ ಹೇಳಿ ಎರಡು ಬಾಡಿಗೆ ಮನೆ ಕಳೆದುಕೊಂಡ ಮೇಲೆ ಬ್ಯೂಟಿ ಪಾರ್ಲರ್ ಕೆಲಸ ಎನ್ನುತ್ತೇನೆ. ನಾಟಕದವರಿಗೆ ಗಡ್ಡ, ಮೂಗು, ಬೋಳುತಲೆ. ಸಿನಿಮಾದವರಿಗೆ ಹೊಲಿಗೆ ಬಿದ್ದ ಹಣೆ, ಸುಟ್ಟ ಚರ್ಮ. ಅಂಟಿಸುವುದನ್ನು ನೋಡಲು ಜನ ಮುತ್ತಿಕೊಳ್ಳುತ್ತಾರೆ, ಬಿಡಿಸುವಾಗ ಯಾರೂ ಇರುವುದಿಲ್ಲ. ನಿಜವಾದ ಕೆಲಸ ಇರುವುದೇ ಬಿಡಿಸುವುದರಲ್ಲಿ. ಹೊಸದುರ್ಗದಲ್ಲಿ ಒಬ್ಬರು ಅವಸರಕ್ಕೆ ತಾವೇ ಗಡ್ಡ ಕಿತ್ತುಕೊಂಡರು. ಜೊತೆಗೆ ಗಲ್ಲದ ಸಿಪ್ಪೆಯೂ ಬಂತು. ಮರುದಿನ ಅವರಿಗೆ ಗಾಯಾಳುವಿನ ಪಾತ್ರ ಕೊಟ್ಟರು, ನನಗೆ ಕೆಲಸ ಕಡಿಮೆಯಾಯಿತು.

ನನ್ನ ಎಡತೋಳಿನಲ್ಲಿ ಬಿಡಿಸಲಾಗದ್ದು ಒಂದಿದೆ. ಆರು ವರ್ಷದವಳಿದ್ದಾಗ ಮುದ್ದೆಗೆ ಕುದಿಯುತ್ತಿದ್ದ ಎಸರು ಅವ್ವನ ಕೈಜಾರಿ ಮೊಣಕೈಯಿಂದ ಮಣಿಕಟ್ಟಿನವರೆಗೆ ಚೆಲ್ಲಿತು. ನಡುವೆ ಹುಣಸೆಬೀಜದಷ್ಟು ಜಾಗ ಮಾತ್ರ ಹೇಗೋ ಸುಡದೆ ಉಳಿದಿದೆ. ಅಂದಿನಿಂದ ಅವ್ವ ನನಗೆ ತುಂಬುತೋಳಿನ ಬಟ್ಟೆಯನ್ನೇ ಹೊಲಿಸಿದಳು. ಹಿರಿಯೂರಿನ ಬಿಸಿಲಲ್ಲಿ ತುಂಬುತೋಳು ಹಾಕಿ ಓಡಾಡುವವರು ನಾನು ಮತ್ತು ಕೋರ್ಟಿನ ವಕೀಲರು.

ಅವ್ವ ಆ ತೋಳನ್ನು ನೋಡುತ್ತಿರಲಿಲ್ಲ. ಜಡೆ ಹಾಕುವಾಗ ಬಲಗಡೆಗೇ ಕೂರುತ್ತಿದ್ದಳು. ಎಸರು ಚೆಲ್ಲಿದ್ದಕ್ಕೆ ನನಗೆ ಸಿಟ್ಟಿಲ್ಲ, ಯಾರ ಕೈಯಾದರೂ ಜಾರುತ್ತದೆ. ಮೂವತ್ತು ವರ್ಷ ನೋಡದೆ ಇದ್ದದ್ದಕ್ಕೆ ಇತ್ತು. ಒಂದು ಸಲ ನೋಡಲಿ ಎಂದು ಆಸೆ ಪಟ್ಟಿದ್ದೆ. ಕೇಳಲು ಬಾಯಿ ಬರಲಿಲ್ಲ.

ಹೋದ ವರ್ಷ ಹರಿಯಬ್ಬೆಯಲ್ಲಿ ಒಂದು ಶೂಟಿಂಗ್. ನಾಯಕಿಯದು ತೋಳು ಸುಟ್ಟುಕೊಂಡವಳ ಪಾತ್ರ. ಮಾದರಿ ಹುಡುಕಿಕೊಂಡು ನಾನು ದೂರ ಹೋಗಬೇಕಾಗಿರಲಿಲ್ಲ. ಹಲ್ಲಿನ ಡಾಕ್ಟರು ಅಚ್ಚು ತೆಗೆಯುವ ಪುಡಿ ಕಲಸಿ, ನನ್ನದೇ ತೋಳಿಗೆ ಮೆತ್ತಿ, ಅಚ್ಚು ಮಾಡಿಕೊಂಡೆ. ಅದರಲ್ಲಿ ದಿನಕ್ಕೊಂದು ಸಿಲಿಕೋನ್ ಪದರ ಎರೆಯಬೇಕು, ಯಾಕೆಂದರೆ ಬಿಡಿಸುವಾಗ ಅಂಚು ಹರಿದುಹೋಗುತ್ತದೆ.

ಮೊದಲ ದಿನ ನಿರ್ದೇಶಕರು ನಾಯಕಿಯ ತೋಳನ್ನು ಹತ್ತಿರದಿಂದ ನೋಡಿದರು.

"ಸುಟ್ಟ ಗಾಯ ಹೀಗಿರಲ್ಲ ಮೇಡಂ. ನೆಟ್ಟಲ್ಲಿ ಫೋಟೊ ನೋಡಿ. ಇಲ್ಲೊಂದು ಕಡೆ ಅಂಟಿಸೋದೇ ಮರೆತಿದ್ದೀರಿ."

ಅವರ ಬೆರಳು ಇದ್ದದ್ದು ಹುಣಸೆಬೀಜದ ಮೇಲೆ. ನಾನು ತುಂಬುತೋಳನ್ನು ಇನ್ನಷ್ಟು ಕೆಳಗೆಳೆದುಕೊಂಡು, ಸರಿ ಸರ್ ಎಂದೆ. ಆ ಜಾಗ ಮುಚ್ಚಿ, ಇನ್ನಷ್ಟು ಕೆಂಪು ಬಳಿದೆ. ಈಗ ನಿಜ ಅನ್ನಿಸುತ್ತದೆ ಎಂದರು.

ಐದನೆಯ ದಿನ ಯಲ್ಲದಕೆರೆಯಿಂದ ಅವ್ವ ಬಸ್ಸು ಹತ್ತಿ ಬಂದಳು. ನನ್ನನ್ನು ನೋಡಲಲ್ಲ, ಹೀರೋಯಿನ್ನನ್ನು ನೋಡಲು. ಕೈಯಲ್ಲಿ ಶೇಂಗಾ ಉಂಡೆಯ ಡಬ್ಬಿ. ಅಷ್ಟರಲ್ಲಿ ಆ ದಿನದ ಶೂಟಿಂಗ್ ಮುಗಿದಿತ್ತು. ನಾವು ಬಾಡಿಗೆಗೆ ಹಿಡಿದ ಮನೆಯ ಪಡಸಾಲೆಯಲ್ಲಿ ನಾಯಕಿ ತೋಳು ಚಾಚಿ ಕೂತಿದ್ದಳು, ನಾನು ಅರಳೆಗೆ ಕೊಬ್ಬರಿ ಎಣ್ಣೆ ಅದ್ದುತ್ತಿದ್ದೆ. ಗೋಂದು ಅದಕ್ಕೆ ಮೆಲ್ಲಗೆ ಬಿಡುತ್ತದೆ.

ಅವ್ವ ಹೀರೋಯಿನ್ನಿನ ಮುಖ ನೋಡಲಿಲ್ಲ. ಡಬ್ಬಿ ಕೆಳಗಿಟ್ಟು, ಪಕ್ಕದಲ್ಲಿ ಕೂತು, ಆ ತೋಳನ್ನು ತನ್ನ ಮಡಿಲಿಗೆ ಎಳೆದುಕೊಂಡಳು. ಮೊಣಕೈಯಿಂದ ಕೆಳಗೆ ಬೆರಳಾಡಿಸುತ್ತಾ ಬಂದು ಒಂದು ಕಡೆ ನಿಲ್ಲಿಸಿದಳು.

"ಇಲ್ಲೊಂದು ಚೂರು ಜಾಗ ಉಳ್ದಿತ್ತಲ್ಲೇ. ಯಾಕೆ ಮುಚ್ಚಿದ್ಯೆ?"

ನಾನು ಅವಳತ್ತ ತಿರುಗಿದೆ.

"ನೀನ್ಯಾವಾಗ ನೋಡ್ದೆ ಅದನ್ನ?"

"ನೀನು ನಿದ್ದೆ ಹೋದ್ಮ್ಯಾಲೆ. ಎಣ್ಣೆ ಹಚ್ಬೇಕಲ್ಲ."

ಚಿಕ್ಕವಳಿದ್ದಾಗ ತೋಳಿನ ಬಟ್ಟೆಗೆಲ್ಲ ಎಣ್ಣೆ ಮೆತ್ತಿಕೊಳ್ಳುತ್ತೀಯ ಎಂದು ನಾನು ದಿನಾ ಬೈಸಿಕೊಳ್ಳುತ್ತಿದ್ದೆ. ಬೈಯುತ್ತಿದ್ದವಳು ಅವ್ವನೇ.

"ಡೈರೆಕ್ಟರು ಮುಚ್ಚು ಅಂದ್ರವ್ವ. ನಿಜ ಅನ್ಸಲ್ವಂತೆ."

"ಅವನಿಗೇನು ಗೊತ್ತು."

ನಾಯಕಿ ನಮ್ಮಿಬ್ಬರ ಮುಖವನ್ನೂ ನನ್ನ ತುಂಬುತೋಳನ್ನೂ ನೋಡಿ, ತೋಳನ್ನು ಅವ್ವನ ಮಡಿಲಲ್ಲೇ ಬಿಟ್ಟಳು. ನಾನು ಅಂಚಿಗೆ ಎಣ್ಣೆ ಒತ್ತಿ ಪದರ ಸುಲಿದೆ. ಆವತ್ತು ಅಂಚೂ ಹರಿಯದೆ ಪದರ ಒಂದೇ ತುಂಡಾಗಿ ಬಂತು. ಅವ್ವ ಬಗ್ಗಿ ನೋಡಿದಳು. ಕೆಳಗಿನ ಚರ್ಮ ಬೆಳ್ಳಗೆ ನುಣ್ಣಗಿತ್ತು. ಅದರ ಮೇಲೆ ಒಂದು ಸಲ ಅಂಗೈ ಸವರಿ ತೋಳನ್ನು ನಾಯಕಿಗೆ ಹಿಂತಿರುಗಿಸಿದಳು, ಕೈಯಲ್ಲೊಂದು ಉಂಡೆಯನ್ನೂ ಇಟ್ಟಳು.

ಆಮೇಲೆ ನನ್ನ ಕೈಯಲ್ಲಿದ್ದ ಅರಳೆ ಕಿತ್ತುಕೊಂಡು, ಹೊಸದಾಗಿ ಎಣ್ಣೆ ಅದ್ದಿ, ನನ್ನ ಎಡತೋಳಿನ ಗುಂಡಿ ಬಿಚ್ಚಿ ಬಟ್ಟೆ ಮೇಲಕ್ಕೆ ಮಡಚತೊಡಗಿದಳು.

"ಇದು ಹೋಗಲ್ಲವ್ವ," ಎಂದೆ.

"ಗೊತ್ತೈತೆ. ಸುಮ್ನೆ ಕುಂತ್ಕ."