ಎಸ್ತೆರ್ ಬಾಯಿಯ ಫೋನಿಗೂ ರೋಸ್ ಆಯಿತು

ಬೋಳಾರದ ಎಸ್ತೆರ್ ಬಾಯಿಯ ಮನೆಗೆ ಹೋದವರು ತಮ್ಮ ಕೈಯಲ್ಲಿರುವ ವಸ್ತುವನ್ನು ಸ್ವಲ್ಪ ಬಿಗಿಯಾಗಿಯೇ ಹಿಡಿದುಕೊಳ್ಳುತ್ತಾರೆ. ಕೊಡೆಯಾಗಲಿ, ಟಾರ್ಚಾಗಲಿ, ಮೇಜಿನ ಮೇಲೆ ಇಟ್ಟರೆ ಚಹಾ ಬರುವಷ್ಟರಲ್ಲಿ ಅದು ಬಿಚ್ಚಿಕೊಂಡು ಮಲಗಿರುತ್ತದೆ. "ಸ್ವಲ್ಪ ಸಡಿಲ ಇತ್ತು, ನೋಡಿದೆ ಅಷ್ಟೆ" ಎನ್ನುತ್ತಾರೆ ಬಾಯಿ. ನೋಡಿದ್ದೆಲ್ಲ ಸರಿಯಾಗುತ್ತದೆ ಎಂದೇನೂ ಇಲ್ಲ. ಇಗರ್ಜಿಯ ಪಾದ್ರಿಯವರ ಕೈಗಡಿಯಾರ ಬಾಯಿಯ ಕೈ ದಾಟಿದ ಮೇಲೆ ಬೆಳಿಗ್ಗೆ ಮುಂದಕ್ಕೆ, ಸಂಜೆ ಹಿಂದಕ್ಕೆ ಓಡತೊಡಗಿತು. ಪಾದ್ರಿಯವರು ದೊಡ್ಡ ಮನಸ್ಸಿನವರು. ಅದನ್ನು ತಪಸ್ಸುಕಾಲದ ಪ್ರಾಯಶ್ಚಿತ್ತವೆಂದು ಕಟ್ಟಿಕೊಂಡೇ ತಿರುಗಿದರು. ಗಂಡ ಗ್ರೆಗರಿ ಮಾತ್ರ ತಮ್ಮ ರೇಡಿಯೋವನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿ, ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದರು.

ಬಾಯಿ ಫಳ್ನೀರಿನ ಒಂದು ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು. ನಿವೃತ್ತರಾದಾಗ ರೋಗಿಗಳನ್ನು ಅಲ್ಲಿಯೇ ಬಿಟ್ಟು, ಅಭ್ಯಾಸವನ್ನು ಮಾತ್ರ ಮನೆಗೆ ತಂದರು. ಮಿಕ್ಸಿ ಬಿಸಿಯಾದರೆ ಅದಕ್ಕೆ ಜ್ವರ. ಫ್ಯಾನು ಕಿರ್ರೆಂದರೆ ಕೀಲುನೋವು. ಯಾವುದನ್ನೂ ಅವರು ಸತ್ತಿತು ಎಂದು ಒಪ್ಪಿಕೊಂಡವರಲ್ಲ.

ಅವರ ಕೈಯಲ್ಲಿ ಅತಿ ಹೆಚ್ಚು ಆಪರೇಶನ್ ಮಾಡಿಸಿಕೊಂಡದ್ದು ಅವರ ಫೋನು. ಮಗಳು ಮೆಲಿಸಾ ಪಿಯುಸಿಗೆ ಸೇರಿದ ವರ್ಷ ಕೊಂಡದ್ದು. ಆ ಮೆಲಿಸಾ ಈಗ ದೇರೆಬೈಲಿನ ಶಾಲೆಯೊಂದರಲ್ಲಿ ಟೀಚರ್; ಮದುವೆ ನಿಶ್ಚಯವಾಗಿತ್ತು. ಫೋನು ಹಾಗೆಯೇ ಇತ್ತು. ಹಾಗೆಯೇ ಅಂದರೆ, ಬ್ಯಾಟರಿ ಬದಲಾಗಿತ್ತು, ಮುಂದಿನ ಗಾಜು ಬದಲಾಗಿತ್ತು, ಒಂದು ಮೂಲೆಗೆ ಆಸ್ಪತ್ರೆಯ ಬಿಳಿ ಪ್ಲಾಸ್ಟರ್ ಸುತ್ತಿತ್ತು. ಉಗುರಿನಿಂದ ಎಬ್ಬಿಸಿದರೆ ಹಿಂದಿನ ಮುಚ್ಚಳ ಟಕ್ ಎಂದು ಬಿಟ್ಟುಕೊಳ್ಳುತ್ತಿತ್ತು. ಆ ಸದ್ದು ಬಾಯಿಗೆ ಇಷ್ಟ.

ಫಳ್ನೀರಿನಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿರುವ ಅಬ್ದುಲ್ ರಹ್ಮಾನ್ ಒಮ್ಮೆ ಹೇಳಿದ್ದರು, "ಬಾಯಿ, ಇದರಲ್ಲಿ ಕಂಪೆನಿಯದ್ದು ಅಂತ ಉಳಿದದ್ದು ಹೆಸರು ಮಾತ್ರ."

"ಬ್ಯಾರಿಗಳೇ, ನನ್ನ ಹಲ್ಲೂ ಕಟ್ಟಿಸಿದ್ದು, ಕಣ್ಣಿಗೂ ಲೆನ್ಸ್ ಹಾಕಿಸಿದ್ದು. ಆದ್ರೂ ನಾನು ಎಸ್ತೆರೇ ಅಲ್ವಾ?"

ಅಬ್ದುಲ್ ರಹ್ಮಾನ್ ಚಹಾ ತರಿಸಿದ್ದರು.

ಮದುವೆಗೆಂದು ದೋಹಾದಿಂದ ಬಾಯಿಯ ತಮ್ಮ ನೆವಿಲ್ ಬಂದ. ಬರುವಾಗ ಅಕ್ಕನಿಗೆಂದು ಹೊಸ ಫೋನು ತಂದ. ಕಪ್ಪು ಪೆಟ್ಟಿಗೆಯೊಳಗೆ ಅದು ರೇಷ್ಮೆಯ ಮೇಲೆ ಮಲಗಿದ ರಾಜಕುಮಾರನಂತೆ ಮಲಗಿತ್ತು. ಬಾಯಿ ಅದನ್ನು ತಿರುಗಿಸಿ ಮುರುಗಿಸಿ ನೋಡಿದರು. ಅಂಚಿನ ಸುತ್ತ ಉಗುರು ಆಡಿಸಿದರು. ಉಗುರು ಎಲ್ಲಿಯೂ ಸಿಕ್ಕಿಕೊಳ್ಳಲಿಲ್ಲ.

"ಇದರ ಬಾಗಿಲು ಎಲ್ಲುಂಟು?"

"ಬಾಗಿಲು ಇಲ್ಲ ಬಾಯ್. ಅಂಟು ಹಾಕಿ ಮುಚ್ಚಿದ್ದು. ಒಳಗೆ ನೀರು ಕೂಡ ಹೋಗುವುದಿಲ್ಲ."

"ನೀರು ಹೋಗದಿದ್ರೆ ಬೇಡ. ನಾನು ಹೋಗ್ಬೇಕಲ್ಲ?"

"ನೀನು ಯಾಕೆ ಹೋಗ್ಬೇಕು ಮಾರಾಯ್ತಿ? ಅದು ಫೋನು, ನಿನ್ನ ಅತ್ತೆ ಮನೆ ಅಲ್ಲ!"

ಮೆಲಿಸಾ ಮಾಮನ ಪಕ್ಷ ಸೇರಿದಳು. ಗಂಡಿನ ಕಡೆಯವರು ನಿಶ್ಚಯಕ್ಕೆ ಬಂದಾಗ ಮಮ್ಮಿಯ ಫೋನಿನ ಪ್ಲಾಸ್ಟರ್ ನೋಡಿ ಅವಳ ಅತ್ತೆಯಾಗುವವರು "ಪಾಪ, ಎಂತ ಆಯ್ತು?" ಎಂದು ಕೇಳಿದ್ದು ಅವಳಿಗೆ ಮರೆತಿರಲಿಲ್ಲ. ಮಾತಿಗೆ ಮಾತು ಬೆಳೆದು ಕೊನೆಗೆ ಒಂದು ಒಪ್ಪಂದವಾಯಿತು. ಮದುವೆಯ ದಿನ ಕಳೆಯುವಾಗ ಹಳೆಯ ಫೋನು ಕೆಲಸ ಮಾಡುತ್ತಿದ್ದರೆ ಈ ವಿಷಯವನ್ನು ಯಾರೂ ಮುಂದೆಂದೂ ಎತ್ತಬಾರದು. ಇಲ್ಲದಿದ್ದರೆ ಹಳೆಯದು ಗುಜರಿಗೆ, ಬಾಯಿ ಬಾಯಿ ಮುಚ್ಚಿಕೊಂಡು ಹೊಸದನ್ನು ಹಿಡಿಯಬೇಕು. ಸಾಕ್ಷಿ ಮೆಲಿಸಾ.

ಬಾಯಿ ಒಪ್ಪಿದರು. ಒಪ್ಪಿದ ಮೇಲೆ ಅವರಿಗೆ ಸ್ವಲ್ಪ ಹೆದರಿಕೆಯಾಯಿತು. ಅವರ ಬದುಕಿನಲ್ಲಿ ಅವರೇ ಆರಿಸಿಕೊಂಡದ್ದು ಕಡಿಮೆ. ಕೆಲಸ ಅಪ್ಪ ಹೇಳಿದ್ದು, ಮನೆ ಅತ್ತೆಯದ್ದು, ಸೀರೆ ಮಗಳ ಆಯ್ಕೆ. ಆದರೆ ತೆರೆದು ನೋಡಿದ ವಸ್ತು ಮಾತ್ರ ತನ್ನದು ಎಂದು ಅವರಿಗೆ ಅನಿಸುತ್ತಿತ್ತು. ತೆರೆಯಲು ಬಾರದ್ದನ್ನು ಕೈಯಲ್ಲಿ ಹಿಡಿದುಕೊಂಡರೆ ಬೇರೆ ಯಾರದ್ದೋ ಮನೆಯ ಜಗುಲಿಯಲ್ಲಿ ಕುಳಿತ ಹಾಗೆ.

ಮದುವೆಯ ಹಿಂದಿನ ದಿನ ರೋಸ್. ಮದುಮಗಳನ್ನು ಚಪ್ಪರದಡಿ ಕೂರಿಸಿ, ತೆಂಗಿನ ಹಾಲು ಹಚ್ಚಿ, ಹಾಡು ಹೇಳಿ ಸ್ನಾನ ಮಾಡಿಸುವ ಶಾಸ್ತ್ರ. ಮಧ್ಯಾಹ್ನ ಹಿತ್ತಲಲ್ಲಿ ಹೆಂಗಸರು ತೆಂಗಿನಕಾಯಿ ತುರಿಯುತ್ತಿದ್ದರು. ನೆವಿಲ್‌ನ ಮಗಳು ಫ್ಲಾವಿಯಾ ವಿನ್ಯಾಸದ ಕಾಲೇಜಿನಲ್ಲಿ ಕಲಿಯುವವಳು, ಬಾಯಿಯ ಎದುರು ಚಕ್ಕಳಮಕ್ಕಳ ಹಾಕಿ ಕುಳಿತಳು.

"ಆಂಟಿ, ನನಗೊಂದು ಪ್ರಾಜೆಕ್ಟ್ ಉಂಟು. ತುಂಬಾ ವರ್ಷ ಬಾಳುವ, ರಿಪೇರಿ ಮಾಡ್ಲಿಕ್ಕೆ ಆಗುವ ಫೋನು ಮುಂದೆ ಬಂದ್ರೆ ಅದು ಹೇಗಿರ್ಬೇಕು? ನೀವು ಹೇಳಿ, ರೆಕಾರ್ಡ್ ಮಾಡ್ತೇನೆ."

ಬಾಯಿಯ ಕೈಯಲ್ಲಿದ್ದ ತೆಂಗಿನ ಹೋಳು ಅಲ್ಲಿಯೇ ನಿಂತಿತು. ಇಷ್ಟು ವರ್ಷಗಳಲ್ಲಿ ಯಾರೂ ಅವರನ್ನು ಇದನ್ನು ಕೇಳಿರಲಿಲ್ಲ.

"ಮೊದಲು ಬಾಗಿಲು ಬೇಕು. ಊಟದ ಡಬ್ಬಿಯ ಮುಚ್ಚಳದ ಹಾಗೆ ತೆಗೆಯುವುದು, ಹಾಕುವುದು. ಸ್ಕ್ರೂ ಎಲ್ಲ ಒಂದೇ ಜಾತಿಯದ್ದು. ಈಗ ಎಂತ ಮಾಡ್ತಾರೆ ಗೊತ್ತುಂಟಾ? ಒಂದಕ್ಕೆ ನಕ್ಷತ್ರದ ತಲೆ, ಒಂದಕ್ಕೆ ಹೂವಿನ ತಲೆ. ಸ್ಕ್ರೂವಾ ಅದು, ರಂಗೋಲಿಯಾ? ಮತ್ತೆ ನಮ್ಮ ಈ ಸಮುದ್ರದ ಗಾಳಿಗೆ ತುಕ್ಕು ಹಿಡಿಯಬಾರ್ದು."

"ಬ್ಯಾಟರಿ?"

"ಟಾರ್ಚಿನ ಸೆಲ್ಲಿನ ಹಾಗೆ ಜಿನಸಿನ ಅಂಗಡಿಯಲ್ಲಿ ಸಿಗ್ಬೇಕು. ಆಮೇಲೆ, ಹಳತಾಯ್ತು ಅಂತ ಕಂಪೆನಿಯವರೇ ಅದನ್ನು ನಿಧಾನ ಮಾಡಬಾರ್ದು. ವಯಸ್ಸಾಯ್ತು ಅಂತ ವಾರ್ಡಿನಲ್ಲಿ ಯಾರಾದ್ರೂ ಗಂಜಿ ನಿಲ್ಲಿಸ್ತಾರಾ?"

"ಪೂರ್ತಿ ಹಾಳಾದ್ರೆ?"

"ಅಂಗದಾನ!" ಎಂದರು ಬಾಯಿ. "ಇದರ ಕಣ್ಣು ಅದಕ್ಕೆ, ಅದರ ಕಿವಿ ಇದಕ್ಕೆ. ಯಾವ ಕಂಪೆನಿಯದ್ದೂ ಯಾವುದಕ್ಕೂ ಕೂರ್ಬೇಕು. ಮತ್ತೆ ಮೀನು ಕತ್ತರಿಸುವಾಗ ಕಿರುಬೆರಳಲ್ಲಿ ಮುಟ್ಟಿದ್ರೂ ಅದಕ್ಕೆ ಗೊತ್ತಾಗ್ಬೇಕು, ಬರೆದುಕೊ."

ಆ ಕಡೆಯಿಂದ ನೆವಿಲ್ ಕೂಗಿದ, "ಅದಕ್ಕೆ ಮೀನು ಸಾರು ಮಾಡ್ಲಿಕ್ಕೂ ಬರ್ಬೇಕು ಅಂತ ಬರಿ ಫ್ಲಾವಿಯಾ!"

"ಅದು ನಿನಗೇ ಬರುವುದಿಲ್ಲ, ಫೋನಿಗೆ ಯಾಕೆ?"

ಸಂಜೆ ಚಪ್ಪರದಲ್ಲಿ ದೀಪ ಹಚ್ಚಿದರು. ಮೆಲಿಸಾ ಹಳೆಯ ಉಡುಪು ತೊಟ್ಟು ಮಣೆಯ ಮೇಲೆ ಕುಳಿತಳು. ಪಕ್ಕದಲ್ಲಿ ತಾಮ್ರದ ಭಾಂಡಿ ತುಂಬ ದಪ್ಪ ತೆಂಗಿನ ಹಾಲು. ಮೊದಲು ಹಚ್ಚಬೇಕಾದವಳು ತಾಯಿ. ಬಾಯಿ ಸೆರಗು ಸಿಕ್ಕಿಸಿಕೊಂಡು ಮಗಳ ಹಣೆಗೆ ಶಿಲುಬೆಯ ಗುರುತು ಎಳೆದರು. ಹಾಡು ಶುರುವಾಯಿತು. ಹಾಡನ್ನು ಎತ್ತುವವರೂ ಬಾಯಿಯೇ. ಉಳಿದವರಿಗೆ ಸಾಲು ನೆನಪಿಲ್ಲ, ರಾಗ ಮಾತ್ರ ಗೊತ್ತು. ಎರಡನೆಯ ಸಲ ಹಾಲಿಗೆ ಕೈ ಹಾಕಲು ಬಗ್ಗಿದಾಗ ಸೊಂಟದಲ್ಲಿ ಸಿಕ್ಕಿಸಿದ್ದ ಫೋನು ಜಾರಿತು.

ಗುಳುಂ.

ಹಾಡು ನಿಂತಿತು. ಬಿಳಿಯ ಹಾಲಿನ ಮೇಲೆ ಒಂದು ವೃತ್ತ ಹರಡಿ ಅಂಚಿಗೆ ಹೋಗಿ ಮುಟ್ಟಿತು.

"ಅಯ್ಯೋ ದೆವಾ!" ಎಂದರು ಗ್ರೆಗರಿ. ಅಂದು ಸಂಜೆ ಅವರು ಆಡಿದ ಮಾತು ಅದೊಂದೇ.

ವಿಡಿಯೋ ಮಾಡುತ್ತಿದ್ದ ನೆವಿಲ್ ಓಡಿ ಬಂದ. ಅಕ್ಕನ ಗೆಲುವು ಕಣ್ಣೆದುರೇ ಮುಳುಗಿದ್ದರಿಂದ ಅವನಲ್ಲಿ ಉದಾರತೆ ಉಕ್ಕಿತು. "ನೀನು ಆಚೆ ಸರಿ ಬಾಯ್, ನಾನು ಹುಡುಕ್ತೇನೆ" ಎಂದು ತನ್ನ ಫೋನಿನ ಟಾರ್ಚ್ ಹಾಕಿ, ಫೋನಿನ ಸಮೇತ ಕೈಯನ್ನು ಮೊಣಕೈವರೆಗೆ ಹಾಲಿಗೆ ಇಳಿಸಿದ.

"ನಿನ್ನ ಫೋನು ಮಾರಾಯ!" ಎಂದರು ಬಾಯಿ.

"ಇದು ವಾಟರ್‌ಪ್ರೂಫ್. ಎಂತ ಆಗುವುದಿಲ್ಲ."

ತೆಂಗಿನ ಹಾಲಿನೊಳಗೆ ಟಾರ್ಚ್ ಹಾಕಿದರೆ ಕಾಣುವುದು ಬೆಳಗಿದ ತೆಂಗಿನ ಹಾಲು ಮಾತ್ರ. ಕೊನೆಗೆ ಬಾಯಿಯೇ ಎರಡು ಬೆರಳಿನಲ್ಲಿ ಫೋನನ್ನು ಎತ್ತಿ, ಹಿತ್ತಲಿನ ಮೆಟ್ಟಿಲಿಗೆ ಓಡಿದರು. ಟಕ್. ಮುಚ್ಚಳ ಬಂತು. ಬ್ಯಾಟರಿ ಬಂತು. ಅಡುಗೆಮನೆಯ ಕಪಾಟಿನಿಂದ ಸರ್ಜಿಕಲ್ ಸ್ಪಿರಿಟ್, ಹತ್ತಿ ಬಂತು. ಸ್ಕ್ರೂಗಳು ಒಂದೊಂದಾಗಿ ತಟ್ಟೆಯಲ್ಲಿ ಸಾಲುಗಟ್ಟಿದವು.

ಚಪ್ಪರದಲ್ಲಿ ಮೆಲಿಸಾ ಅರ್ಧ ಹಾಲು ಮೆತ್ತಿಕೊಂಡು ಕುಳಿತೇ ಇದ್ದಳು.

"ಮಮ್ಮೀ! ಇರುವೆ ಬರ್ತಾ ಉಂಟು!"

ಬಾಯಿಯ ಕೈ ನಿಂತಿತು. ಒಂದು ಕಡೆ ಬಿಚ್ಚಿದ ಫೋನು, ಇನ್ನೊಂದು ಕಡೆ ಹಾಲು ತೊಟ್ಟಿಕ್ಕುವ ಮಗಳು. ಆಸ್ಪತ್ರೆಯಲ್ಲಿ ಇಬ್ಬರು ರೋಗಿಗಳು ಒಟ್ಟಿಗೆ ಬಂದರೆ ಯಾರಿಗೆ ಮೊದಲು ಎಂದು ಬಾಯಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಬ್ಯಾಟರಿ ತೆಗೆದ ಫೋನಿಗೆ ಅವಸರವಿಲ್ಲ, ಅದು ಮಲಗಿರುತ್ತದೆ. ಅವರು ತಟ್ಟೆಯನ್ನು ಫ್ರಿಜ್ಜಿನ ಹಿಂದಿನ ಬೆಚ್ಚಗಿನ ಜಾಗದಲ್ಲಿಟ್ಟು, ಕೈ ಒರೆಸಿಕೊಂಡು ಚಪ್ಪರಕ್ಕೆ ಬಂದು, ನಿಂತಿದ್ದ ಸಾಲಿನಿಂದಲೇ ಹಾಡನ್ನು ಎತ್ತಿಕೊಂಡರು. ಮೆಲಿಸಾಳ ಕೂದಲಿಗೆ ಹಾಲು ಹಚ್ಚುವಾಗ ಅವರ ಬೆರಳಿನಿಂದ ಸ್ಪಿರಿಟ್ಟಿನ ವಾಸನೆ ಬರುತ್ತಿತ್ತು.

ಬೆಳಿಗ್ಗೆ ಜೋಡಿಸಿದರೆ ಫೋನು ಕಣ್ಣು ಬಿಡಲಿಲ್ಲ. ಬಾಯಿ ಅದನ್ನು ಕರ್ಚೀಫಿನಲ್ಲಿ ಸುತ್ತಿ ಪರ್ಸಿನಲ್ಲಿಟ್ಟುಕೊಂಡು ಇಗರ್ಜಿಗೆ ಹೋದರು. ಮಗಳು ಉಂಗುರ ತೊಡಿಸಿಕೊಳ್ಳುವಾಗ ಅವರ ಕಣ್ಣು ತುಂಬಿತು. ಒಂದು ಕೈ ಪರ್ಸಿನ ಮೇಲೆಯೇ ಇತ್ತು.

ಫಳ್ನೀರಿನ ಮದುವೆ ಹಾಲ್‌ನಲ್ಲಿ ನೆವಿಲ್ ಕೋಟು ತೊಟ್ಟು ಎದುರಾದ. "ಎಂತ ಬಾಯ್, ಪೇಷಂಟ್ ಹೇಗಿದ್ದಾರೆ?"

"ಪ್ರಜ್ಞೆ ಬಂದಿಲ್ಲ."

"ಸತ್ತಿದೆ ಅನ್ನು."

"ಅದನ್ನು ಹೇಳ್ಲಿಕ್ಕೆ ಡಾಕ್ಟರ್ ಬೇಕು."

ಡಾಕ್ಟರ್ ಆಗಲೇ ಬಾಗಿಲಲ್ಲಿ ಚಪ್ಪಲಿಯ ಮರಳು ಕೊಡವುತ್ತಿದ್ದರು. ಅಬ್ದುಲ್ ರಹ್ಮಾನ್, ಹೆಂಡತಿ ಖತೀಜಮ್ಮನ ಜೊತೆ, ಉಡುಗೊರೆಯ ಪೊಟ್ಟಣ ಹಿಡಿದು ಬಂದಿದ್ದರು. ಬಾಯಿ ಅವರನ್ನು ವೇದಿಕೆಗೆ ಹೋಗಲು ಬಿಡದೆ ಮೂಲೆಯ ಮೇಜಿಗೆ ಎಳೆದುಕೊಂಡು ಹೋಗಿ, ಕರ್ಚೀಫು ಬಿಚ್ಚಿ, ಪರ್ಸಿನಿಂದ ಸ್ಕ್ರೂಡ್ರೈವರ್ ಕೊಟ್ಟರು.

ಅಬ್ದುಲ್ ರಹ್ಮಾನ್ ಕನ್ನಡಕ ಏರಿಸಿ ನೋಡಿದರು. "ಬೋರ್ಡ್ ಚೆನ್ನಾಗಿ ತೊಳೆದಿದ್ದೀರಿ ಬಾಯಿ. ಕೆಳಗಿನ ಸಣ್ಣ ಪಟ್ಟಿ ಹೋಗಿದೆ, ಚಾರ್ಜಿನದ್ದು. ಒಂದು ಹಳೇ ಫೋನಿನದ್ದು ಅಂಗಡಿಯಲ್ಲಿ ಉಂಟು. ತರ್ತೇನೆ."

"ಮದುವೆಗೆ ಬಂದದ್ದಾ, ಆಪರೇಶನ್‌ಗೆ ಬಂದದ್ದಾ?" ಎಂದರು ಖತೀಜಮ್ಮ. ಅಷ್ಟರಲ್ಲಿ ಅವರ ಗಂಡ ರಸ್ತೆ ದಾಟಿಯಾಗಿತ್ತು.

ವೇದಿಕೆಯಲ್ಲಿ ವಧೂವರರಿಗೆ ಶುಭ ಕೋರುವ ಭಾಷಣ ನಡೆಯುತ್ತಿದ್ದಾಗ ಮೂಲೆಯ ಮೇಜಿನಲ್ಲಿ ಪಟ್ಟಿ ಬದಲಾಗುತ್ತಿತ್ತು. ಹಾಲ್‌ನ ಬಣ್ಣದ ದೀಪಗಳ ಬೆಳಕು ಸಾಲದೆ ಅಬ್ದುಲ್ ರಹ್ಮಾನ್ ಕೈಚಾಚಿದರು. "ನೆವಿಲ್, ಸ್ವಲ್ಪ ಟಾರ್ಚ್."

ನೆವಿಲ್ ಏಕೋ ಹಿಂದೆಮುಂದೆ ನೋಡಿದ. ಕೊನೆಗೆ ಕೋಟಿನ ಒಳಜೇಬಿನಿಂದ ತನ್ನ ಫೋನು ತೆಗೆದ. ಮೇಜಿನ ಸುತ್ತ ಒಂದು ವಾಸನೆ ಹರಡಿತು. ಖತೀಜಮ್ಮ ಸೆರಗು ಮೂಗಿಗೆ ತಂದರು. ಅಬ್ದುಲ್ ರಹ್ಮಾನ್ ಫೋನನ್ನು ಹತ್ತಿರ ಹಿಡಿದು ಮೂಸಿದರು.

"ನೆವಿಲ್, ಇದು ಹಳಸಿದೆ."

"ಸ್ಪೀಕರಿನ ತೂತಿಗೆ ಸ್ವಲ್ಪ ಹಾಲು ಹೋಗಿದೆ ಅಷ್ಟೆ," ಎಂದ ನೆವಿಲ್ ಸಣ್ಣ ದನಿಯಲ್ಲಿ. "ಮಾತಾಡಿದ್ರೆ ಕಂಬಳಿಯೊಳಗಿಂದ ಕೇಳಿದ ಹಾಗೆ ಕೇಳ್ತದೆ. ತೆರೆದು ತೊಳೆಯಿರಿ ಮಾರಾಯ್ರೆ."

"ಬಿಸಿ ಮಾಡಿ ಅಂಟು ಬಿಡಿಸ್ಬೇಕು. ಹಿಂದಿನ ಗಾಜು ಉಳಿಯುತ್ತದೆ ಅಂತ ನಾನು ಹೇಳುವುದಿಲ್ಲ."

ಬಾಯಿಗೆ ನಗು ಬಂತು. ತಮ್ಮನ ಮುಖ ನೋಡಿ ನುಂಗಿಕೊಂಡರು. ಕರ್ಚೀಫು ಅವನತ್ತ ಸರಿಸಿ, "ಇದರಲ್ಲಿ ಸುತ್ತು. ಊಟಕ್ಕೆ ಕೂತವರಿಗೆ ವಾಸನೆ ಬರ್ತದೆ" ಎಂದರು.

ಹಳೆಯ ಫೋನು ಒಮ್ಮೆ ನಡುಗಿತು. ಪರದೆ ಬೆಳಗಿತು. ಬಾಯಿ ಎದೆಯ ಮೇಲೆ ಶಿಲುಬೆ ಎಳೆದುಕೊಂಡು, ಮೇಜಿನಾಚೆ ಕುಳಿತಿದ್ದ ಫ್ಲಾವಿಯಾಳಿಗೆ ಕರೆ ಮಾಡಿದರು. "ಹಲೋ, ಹಲೋ!"

"ಆಂಟಿ, ನಿಮ್ಮ ದನಿ ಎದುರಿಂದ ಕೇಳ್ತದೆ. ಫೋನಲ್ಲಿ ಕೇಳುವುದಿಲ್ಲ."

ಅಬ್ದುಲ್ ರಹ್ಮಾನ್ ತಲೆ ಕೆರೆದುಕೊಂಡರು. "ಆ ಹಳೇ ಪಟ್ಟಿಯ ಮೈಕ್ ಹೋಗಿದೆ ಕಾಣ್ತದೆ. ಹೊಸದು ತರಿಸ್ಬೇಕು. ಈಗ ಕಿವಿ ಉಂಟು, ಬಾಯಿ ಇಲ್ಲ."

ನೆವಿಲ್‌ಗೆ ಜೀವ ಬಂತು. "ಮಾತಾಡದ ಫೋನು ಫೋನಾ? ನಾನು ಗೆದ್ದೆ!"

"ಬೆಳಗಿತಲ್ಲ!"

"ಬಲ್ಬೂ ಬೆಳಗ್ತದೆ!"

ಗದ್ದಲ ಕೇಳಿ ಮದುಮಗಳು ಬಿಳಿ ಗೌನಿನ ಅಂಚು ಎತ್ತಿಕೊಂಡು ಬಂದಳು. ಸಾಕ್ಷಿ ಅವಳೇ ತಾನೆ. ಅವಳು ಪ್ಲಾಸ್ಟರ್ ಸುತ್ತಿದ ಫೋನನ್ನೂ, ಅದರ ಮೇಲೆ ಬಾಗಿದ್ದ ಮಮ್ಮಿಯ ಕುತ್ತಿಗೆಯನ್ನೂ ನೋಡಿದಳು. ಜರಿ ಸೀರೆಯ ಸೆರಗಿನಲ್ಲಿ ಒಂದು ಪುಟ್ಟ ಸ್ಕ್ರೂ ಸಿಕ್ಕಿಕೊಂಡಿತ್ತು. ಅದನ್ನು ಬಿಡಿಸಿ ತಾಯಿಯ ಅಂಗೈಗೆ ಹಾಕಿದಳು.

"ಕರೆ ಹೋಯ್ತಲ್ಲ ಮಾಮ. ಕೆಲಸ ಮಾಡ್ತದೆ ಅಂತ ಬರೆದುಕೊಳ್ಳಿ. ಮಮ್ಮಿ ಗೆದ್ದರು. ಈಗ ಎಲ್ಲರೂ ಫೋಟೋಗೆ ಬನ್ನಿ."

ನೆವಿಲ್ ಆ ವಿಷಯವನ್ನು ಮತ್ತೆ ಎತ್ತಲಿಲ್ಲ.

ಮದುವೆಯಾದ ವಾರದೊಳಗೆ ಒಂದು ಮಧ್ಯಾಹ್ನ ಮೆಲಿಸಾ ಗಂಡನ ಮನೆಯಿಂದ ಫೋನು ಮಾಡಿದಳು. ಬಾಯಿ ಅಭ್ಯಾಸಬಲದಿಂದ "ಊಟ ಆಯ್ತಾ? ಎಂತ ಮಾಡಿದ್ರು? ಅತ್ತೆ ಎಂತ ಹೇಳಿದ್ರು?" ಎಂದು ಒಂದೇ ಉಸಿರಿಗೆ ಶುರುಮಾಡಿ, ಫೋನಿಗೆ ಬಾಯಿ ಇಲ್ಲವೆಂದು ನೆನಪಾಗಿ ನಿಲ್ಲಿಸಿದರು.

ಆ ಕಡೆ ಮೆಲಿಸಾ ಮೊದಲು ಒಂದು ಮಾತು ಹೇಳಿ ಕಾದಳು. ಯಾರೂ ನಡುವೆ ಬಾಯಿ ಹಾಕಲಿಲ್ಲ. ಮತ್ತೊಂದು ಹೇಳಿದಳು. ಅಲ್ಲಿನ ಬಾವಿಯ ನೀರು ಸ್ವಲ್ಪ ಉಪ್ಪು. ಅತ್ತೆಗೆ ಸಿಟ್ಟು ಬಂದರೆ ಪಾತ್ರೆ ತೊಳೆಯುತ್ತಾರೆ, ತೊಳೆದದ್ದನ್ನೇ ಮತ್ತೆ ತೊಳೆಯುತ್ತಾರೆ. ಗಂಡನಿಗೆ ನಿದ್ದೆಯಲ್ಲಿ ಮಾತಾಡುವ ಅಭ್ಯಾಸ. ಮೊನ್ನೆ ಸಾರಿಗೆ ಉಪ್ಪು ಮರೆತು ಅಳು ಬಂದಿತ್ತು, ಯಾರಿಗೂ ಹೇಳಿರಲಿಲ್ಲ.

ಬಾಯಿ ಮೆಟ್ಟಿಲಿನ ಮೇಲೆ ಕುಳಿತು ಕೇಳಿದರು. ಮಗಳು ಇಷ್ಟು ಮಾತಾಡುವವಳು ಎಂದು ಅವರಿಗೆ ಗೊತ್ತಿರಲಿಲ್ಲ.

"ಮಮ್ಮಿ, ಲೈನಲ್ಲಿ ಇದ್ದೀರಾ?"

ಬಾಯಿ ಗಡಿಬಿಡಿಯಿಂದ ಒಂದು ಬೆರಳಿನಲ್ಲಿ ಮೆಸೇಜ್ ಒತ್ತಿದರು: ಕೇಳ್ತಾ ಉಂಟು. ನೀನು ಹೇಳು.

ನಡುವೆ ಇನ್ನೊಂದು ಮೆಸೇಜ್ ಬಂತು. ಅಬ್ದುಲ್ ರಹ್ಮಾನ್ ಅವರದ್ದು. ಹೊಸ ಪಟ್ಟಿ ಬಂದಿದೆ ಬಾಯಿ, ಇವತ್ತೇ ಬಂದರೆ ಹಾಕಿ ಕೊಡ್ತೇನೆ.

ಬಾಯಿ ಅದನ್ನು ಓದಿ, ಬರುವ ವಾರ ಬರ್ತೇನೆ ಬ್ಯಾರಿಗಳೇ ಎಂದು ಬರೆದು, ಫೋನನ್ನು ಮತ್ತೆ ಕಿವಿಗೆ ಹಿಡಿದರು. ಮೆಲಿಸಾ ಆ ಮನೆಯ ಬೆಕ್ಕಿನ ವಿಷಯಕ್ಕೆ ಬಂದಿದ್ದಳು. ಬಾಯಿ ಯಾರಿಗೂ ಕೇಳದಂತೆ "ಹೂಂ" ಎಂದರು.