ಕೇಳದೆ ಡಬ್ಬಿಗೆ ಬರುವ ಕೈ

ಬಳ್ಳಾರಿಯ ಜೀನ್ಸ್ ಹೊಲಿಯುವ ಶೆಡ್ಡುಗಳಲ್ಲಿ ಮಧ್ಯಾಹ್ನ ಮಷಿನು ನಿಂತ ಕೂಡಲೇ ಹೆಣ್ಣುಮಕ್ಕಳು ನೆಲದ ಮೇಲೆ ದುಂಡಗೆ ಕೂತು ಡಬ್ಬಿ ಬಿಚ್ಚುತ್ತಾರೆ. ಅಲ್ಲಿ ಯಾರೂ ಯಾರನ್ನೂ ಕೇಳುವುದಿಲ್ಲ. ನನ್ನ ಶೇಂಗಾ ಚಟ್ನಿಗೆ ನಾಲ್ಕೂ ಕಡೆಯಿಂದ ಕೈ ಬರುತ್ತಿದ್ದವು. ನನ್ನ ಕೈ ಅಷ್ಟರಲ್ಲಾಗಲೇ ಪಕ್ಕದವಳ ಪುಂಡಿಪಲ್ಯದಲ್ಲಿ ಇರುತ್ತಿತ್ತು. ಎಷ್ಟು ತೊಳೆದರೂ ಜೀನ್ಸಿನ ನೀಲಿ ಉಗುರಿನ ಸಂದಿಯಲ್ಲಿ ಉಳಿದು ರೊಟ್ಟಿಯ ಅಂಚಿಗೂ ಹತ್ತುತ್ತಿತ್ತು. ಗಂಡ ತೀರಿದ ಮೇಲೆ ಮನೆಯಲ್ಲಿ ಎರಡು ಹೊತ್ತೂ ಒಬ್ಬಳೇ ಉಣ್ಣುತ್ತಿದ್ದ ನನಗೆ ಊಟ ಅಂದರೆ ಅದೊಂದೇ.

ಆ ಊಟ ನನಗೆ ತಪ್ಪಿಹೋಯಿತು. ಆದರೆ ಊರಿನವರ ಕಣ್ಣಲ್ಲಿ ನಾನು ಗೆದ್ದವಳು, ಹಾಗಾಗಿ ಅಳುವುದಕ್ಕೂ ಅವಕಾಶವಿಲ್ಲ.

ಹೆಣ್ಣುಮಕ್ಕಳು ಸ್ವಂತ ಉದ್ಯಮ ಹಾಕಿದರೆ ಸರ್ಕಾರದ ಸಬ್ಸಿಡಿ ಹೆಚ್ಚು ಎಂಬ ಸುದ್ದಿ ಓಣಿ ಓಣಿ ತಿರುಗುತ್ತಿದ್ದ ಕಾಲ. ಹೆಂಡತಿಯರ ಹೆಸರಿನ ಬೋರ್ಡುಗಳು ಸಾಲಾಗಿ ಎದ್ದವು. ಅವರಲ್ಲಿ ಕೆಲವರಿಗೆ ಆ ಶೆಡ್ಡಿನ ಬೀಗ ಯಾವ ಕಡೆ ತಿರುಗುತ್ತದೆಂದೂ ಗೊತ್ತಿರಲಿಲ್ಲ. ನಾನೂ ಸೇರಿದ ಉದ್ಯಮ ತರಬೇತಿಯಲ್ಲಿ ಪಾಠ ಹೇಳಿದವರು ಎದೆ ಉಬ್ಬಿಸಿ, “ಆಳಾಗಬಲ್ಲವನು ಅರಸಾಗಬಲ್ಲ” ಎಂದು ಗಾದೆ ಬಿಟ್ಟರು. ನಾನೂ ಚಪ್ಪಾಳೆ ಹೊಡೆದೆ. ಅರಸಾದವನು ಮತ್ತೆ ಆಳುಗಳ ಜೊತೆ ಕೂತು ಉಣ್ಣಬಲ್ಲನೇ ಎಂಬುದನ್ನು ಗಾದೆ ಹೇಳುವುದಿಲ್ಲ, ಅವರೂ ಹೇಳಲಿಲ್ಲ.

ಸಾಲ ಕೇಳಲು ಹೋದಾಗ ಬ್ಯಾಂಕಿನಲ್ಲಿ, “ಯಜಮಾನ್ರನ್ನ ಕರ್ಕೊಂಡು ಬರ್ರಿ ಅಮ್ಮಾ” ಅಂದರು.

“ಯಜಮಾನಿ ನಾನ ಅದೀನ್ರಿ” ಅಂದೆ. ಆ ಮಾತು ಆಡಿದ ಖುಷಿ ಒಂದು ವಾರ ಇತ್ತು.

ನನ್ನದೇ ಶೆಡ್ ಹಾಕಿದಾಗ ಹಳೆಯ ಜೊತೆಗಾರ್ತಿಯರೇ ಕೆಲಸಕ್ಕೆ ಬಂದರು. ಅವರಲ್ಲಿ ಸಿರುಗುಪ್ಪದವಳೊಬ್ಬಳು ವರ್ಷಗಟ್ಟಲೆ ನನ್ನ ಪಕ್ಕದ ಮಷಿನಿನಲ್ಲಿ ಜೇಬು ಹಚ್ಚಿದವಳು, ನನ್ನ ಚಟ್ನಿಯಲ್ಲಿ ಅರ್ಧ ತಿಂದವಳೂ ಅವಳೇ. ಮೊದಲ ದಿನ ಹೆಚ್ಚಿಗೇ ಚಟ್ನಿ ತಂದು ಎಂದಿನಂತೆ ಅವರ ನಡುವೆ ಕೂತೆ. ಅಕ್ಕಪಕ್ಕದವರು ಸರಿದು ಜಾಗ ಬಿಟ್ಟರು. ನಿನ್ನೆವರೆಗೆ ನನ್ನನ್ನು ‘ಲೇ’ ಅನ್ನುತ್ತಿದ್ದ ಸಿರುಗುಪ್ಪದವಳು ಡಬ್ಬಿಯ ಮುಚ್ಚಳದಲ್ಲಿ ಪಲ್ಯ ಹಾಕಿ, “ತಗೊಳ್ರಿ ಅಕ್ಕಾರ” ಎಂದು ನೀಡಿದಳು. ನನ್ನ ಡಬ್ಬಿಗೆ ಒಂದು ಕೈಯೂ ಬರಲಿಲ್ಲ.

ಅವರದೇನೂ ತಪ್ಪಿಲ್ಲ. ಮಧ್ಯಾಹ್ನ ಕೂಡುವುದೇ ಮಾಲೀಕರನ್ನು ಬೈಯುವುದಕ್ಕೆ. ನಾನೂ ಬೈದೇ ರೊಟ್ಟಿ ಅರಗಿಸಿಕೊಂಡವಳು. ಈಗ ಮಾಲೀಕಳೇ ನಡುವೆ ಬಂದು ಕೂತರೆ ಪಾಪ, ಅವರು ಬೈಯುವುದಾದರೂ ಎಲ್ಲಿ? ಮರುದಿನದಿಂದ ಕಟಿಂಗ್ ಟೇಬಲ್ಲಿನ ಹಿಂದೆ, ಬಟ್ಟೆಯ ರಾಶಿಯ ಮರೆಯಲ್ಲಿ ಕೂತು ಉಣ್ಣತೊಡಗಿದೆ. ಆಚೆಯಿಂದ ನಗು ಕೇಳಿಸುತ್ತಿತ್ತು, ಯಾಕೆ ನಕ್ಕರೆಂದು ತಿಳಿಯುತ್ತಿರಲಿಲ್ಲ. ಸಿರುಗುಪ್ಪದವಳು ಕೆಲವೊಮ್ಮೆ ತನ್ನ ಊಟ ಮುಗಿಸಿ ಬಂದು ಹತ್ತಿರ ನಿಂತು ಆರ್ಡರಿನ ಮಾತಾಡುತ್ತಿದ್ದಳು. ಕೂರು ಅಂದರೂ ಕೂರುತ್ತಿರಲಿಲ್ಲ. ಅಷ್ಟಾದರೂ ಬರುತ್ತಾಳಲ್ಲ ಎಂದು ನಾನು ಕಾಯುತ್ತಿದ್ದೆ.

ಈ ನಡುವೆ ನನಗೆ ಭಾಷಣದ ಪಟ್ಟವೂ ಬಂತು. ಯಶಸ್ವಿ ಮಹಿಳಾ ಉದ್ಯಮಿ ಎಂದು ಎಲ್ಲೆಲ್ಲೋ ಕರೆದು ಶಾಲು ಹೊದಿಸುತ್ತಾರೆ. ಬಳ್ಳಾರಿ ಬಿಸಿಲಿಗೆ ಶಾಲು! ಕುರುಗೋಡಿನ ಒಂದು ತರಬೇತಿಯಲ್ಲಿ ಸ್ವಸಹಾಯ ಸಂಘದವರ ಮುಂದೆ, “ಎಲ್ಲಾರೂ ಮಾಲಕರಾಗ್ರಿ” ಎಂದು ಜೋರಾಗಿಯೇ ಹೇಳಿದೆ. ಮುಂದಿನ ಸಾಲಿನ ಹೆಂಗಸೊಬ್ಬಳು, “ಏನರ ತ್ರಾಸ ಐತೇನ್ರಿ ಇದ್ರಾಗ?” ಎಂದು ಕೇಳಿದಳು. ಕರೆಂಟು ಹೋಗುತ್ತದೆ, ದಾರದ ರೇಟು ಏರುತ್ತದೆ ಅಂದೆ. ಒಬ್ಬಳೇ ಉಣ್ಣಬೇಕಾಗುತ್ತದೆ ಅನ್ನುವುದನ್ನು ಬಿಟ್ಟು ಶಾಲು ಮಡಚಿಕೊಂಡೆ.

ಆ ದಿನ ಬಟ್ಟೆಯ ಸ್ಯಾಂಪಲ್ ಹಿಡಿದು ನನ್ನ ಜೊತೆ ಬಂದಿದ್ದವಳು ಸಿರುಗುಪ್ಪದವಳು. ಕೆಲವು ತಿಂಗಳ ಮೇಲೆ ಕಟಿಂಗ್ ಟೇಬಲ್ಲಿನ ಹತ್ತಿರ ಬಂದು ನಿಂತಳು.

“ಅಕ್ಕಾರ, ನಾ ನಮ್ಮೂರಿಗೆ ಹೋಗಾಕತ್ತೀನ್ರಿ. ಅಕ್ಕಿ ಮಿಲ್ಲಿನವ್ರಿಗೆ ಬಟ್ಟಿ ಚೀಲ ಹೊಲದು ಕೊಡೋ ಶೆಡ್ ಹಾಕ್ತೀನಿ.”

“ಹೋಗು, ಯಾರು ಹಿಡಕೊಂಡಾರ?” ಅಂದೆ.

“ಸಿಟ್ಟಾಗಬ್ಯಾಡ್ರಿ. ಮಾಲಕರಾಗ್ರಿ ಅಂತ ಕುರುಗೋಡದಾಗ ನೀವ ಹೇಳಿದ್ರಲ್ಲ.”

ಹೇಳಿದ್ದೆ. ಊರವರಿಗೆಲ್ಲ ಹೇಳಿದ್ದೆ, ಇವಳಿಗೆ ಹೇಳಿರಲಿಲ್ಲ, ಅಷ್ಟೇ. ಅವಳು ಹೋದ ಮೇಲೂ ನಾನು ಚಟ್ನಿಯನ್ನು ಹಳೇ ಅಳತೆಯಲ್ಲೇ ಕುಟ್ಟಿ ತರುತ್ತಿದ್ದೆ. ಡಬ್ಬಿ ಸಂಜೆ ಹಾಗೇ ಮನೆಗೆ ಬರುತ್ತಿತ್ತು.

ತನ್ನ ಹೊಸ ಶೆಡ್ಡಿನ ಪೂಜೆಗೆ ಕರೆದಳು. ಹೋಗಬಾರದು ಅಂದುಕೊಂಡೇ ಚಟ್ನಿಯ ಡಬ್ಬಿ ಚೀಲಕ್ಕೆ ಹಾಕಿ ಬಸ್ಸು ಹತ್ತಿದೆ. ಹೊಸ ಸುಣ್ಣದ ವಾಸನೆ, ಮಷಿನುಗಳಿಗೆಲ್ಲ ಕುಂಕುಮ. ನನಗೆ ಕುರ್ಚಿ ಹಾಕಿದರು, ಮತ್ತೊಂದು ಶಾಲೂ ಬಂತು. ಊಟಕ್ಕೆ ಅವಳ ಕೆಲಸದವರು ನೆಲದ ಮೇಲೆ ದುಂಡಗೆ ಕೂತರು. ಎಲ್ಲ ಅವಳ ಓಣಿಯ ಗೆಳತಿಯರು, ಜೊತೆಗೆ ಆಡಿ ಬೆಳೆದವರು. ಎಲ್ಲರಿಗೂ ಬಡಿಸಿ ಅವಳು ತನ್ನ ಎಲೆ ಹಾಕಿಕೊಂಡು ನಡುವೆ ಕೂರಲು ಹೋದಳು. ಎರಡೂ ಕಡೆಯವರು ಮರ್ಯಾದೆಯಿಂದ ಸರಿದರು. ಒಬ್ಬಳು ಹೋಳಿಗೆಯನ್ನು ಬೇರೆ ತಟ್ಟೆಯಲ್ಲಿಟ್ಟು, “ತಗೊಳ್ರಿ” ಅಂದಳು.

ಅವಳು ಹೋಳಿಗೆ ಮುಟ್ಟಲಿಲ್ಲ. ತಲೆಯೆತ್ತಿ ಸೀದಾ ನನ್ನತ್ತ ನೋಡಿದಳು. ಆ ಜಾಗ ಎಷ್ಟು ಅಗಲ ಎಂದು ಅಲ್ಲಿದ್ದವರಲ್ಲಿ ನನ್ನೊಬ್ಬಳಿಗೇ ಗೊತ್ತಿತ್ತು. ನನಗೆ ಅಳು ಬಂತು, ಅವಳಿಗಾಗಿಯೋ ನನಗಾಗಿಯೋ ಹೇಳಲಾರೆ.

ಕುರ್ಚಿ ಬಿಟ್ಟು ಎದ್ದೆ. ಸೀರೆ ಎತ್ತಿ ಕಟ್ಟಿಕೊಂಡು ಅವಳ ಪಕ್ಕದ ಆ ಖಾಲಿ ಜಾಗದಲ್ಲಿ ಕೂತೆ. ಉಳಿದವರು ಇನ್ನಷ್ಟು ಸರಿದರು. ಚೀಲದಿಂದ ನನ್ನ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿ ಇಬ್ಬರ ನಡುವೆ ಇಟ್ಟೆ. ತಗೋ ಅನ್ನಲಿಲ್ಲ.

ಸ್ವಲ್ಪ ಹೊತ್ತಿಗೆ ಕೈ ಬಂತು. ಉಗುರಿನ ಸಂದಿಯಲ್ಲಿ ನಮ್ಮ ನೀಲಿ ಇನ್ನೂ ಪೂರ್ತಿ ಹೋಗಿರಲಿಲ್ಲ.

“ಉಪ್ಪು ಕಮ್ಮಿ ಹಾಕೀಯಲೇ” ಅಂದಳು.

ನಾವಿಬ್ಬರೂ ಉಂಡೆವು.