ಕೌಜುಗದ ಕೌದಿ

ಊರಿನಿಂದ ತಂದ ಟ್ರಂಕಿನ ಮುಚ್ಚಳ ತೆರೆದಾಗ ಮೊದಲು ಬಂದದ್ದು ಒಲೆಯ ಹೊಗೆಯ ವಾಸನೆ, ಅದರ ಹಿಂದೆ ಸಜ್ಜೆ ಹೊಟ್ಟಿನದು. ರಾಯಚೂರಿನ ಈ ಬಾಡಿಗೆ ಮನೆಯಲ್ಲಿ ಎರಡೂ ಇಲ್ಲ. ಬಟ್ಟೆಗಳ ಅಡಿಯಲ್ಲಿ ಪುಟ್ಟ ಕೌದಿಯೊಂದಿತ್ತು. ನೋಡಿದವರು ಕೂಸಿನದೆಂದುಕೊಳ್ಳುತ್ತಾರೆ. ಅದು ಹಕ್ಕಿಯದು.

ನಮ್ಮೂರು ಕುರ್ಡಿಯಲ್ಲಿ ತಾತ ಕೂಲಿ ಇಲ್ಲದ ಚಳಿಗಾಲದ ಮುಂಜಾನೆಗಳಲ್ಲಿ ನನ್ನನ್ನೂ ಕರೆದುಕೊಂಡು ಕೌಜುಗದ ಬೇಟೆಗೆ ಹೋಗುತ್ತಿದ್ದ. ಸಾಕಿದ ಕೌಜುಗವನ್ನು ಪಂಜರದಲ್ಲಿ ಒಯ್ದು ಜೋಳದ ಹೊಲದ ಬದುವಿನಲ್ಲಿಡುವುದು. ಅದು ಕೂಗಿದರೆ ಕಾಡಿನದು ಜಗಳಕ್ಕೆ ಬಂದು ಸುತ್ತ ಹಾಸಿದ ಉರುಳಿಗೆ ಬೀಳುವುದು. ಇದು ಕಾನೂನಿಗೆ ವಿರುದ್ಧ. ಆಗಲೂ ವಿರುದ್ಧವೇ ಇತ್ತು. ನಮಗೆ ಸಿಗುತ್ತಿದ್ದ ಮಾಂಸ ಅದೊಂದೇ. ತಾತನಿಗೆ ದಮ್ಮು. ಎದೆಗೆ ಥಂಡಿ ತಾಗಬಾರದೆಂದು ಮಾನ್ವಿಯ ಡಾಕ್ಟರು ಹೇಳಿದ್ದರು. ಕಂಬಳಿ ಹೊದ್ದರೆ ಜಾಲಿ ಮುಳ್ಳಿಗೆ ಸಿಕ್ಕಿ ಸಪ್ಪಳವಾಗುತ್ತದೆಂದು ತಾತ ಒಲ್ಲೆನ್ನುತ್ತಿದ್ದ. ಅದಕ್ಕೇ ಅಜ್ಜಿ ತನ್ನ ಹಳೆಯ ಸೀರೆಯನ್ನು ಐದು ಪದರ ಮಾಡಿ ತೋಳಿಲ್ಲದ ಕೌದಿ ಅಂಗಿ ಹೊಲಿದಳು. ಹೊರಡುವಾಗ ಎದೆಯ ಮೇಲೆ ಅದರ ಕಸಿ ದಾರಗಳನ್ನು ತಾನೇ ಕಟ್ಟಿ, ಅವನ ಕಿವಿಗೆ ಟವೆಲ್ ಸುತ್ತಿ ಕಳಿಸುತ್ತಿದ್ದಳು.

ಹುಣಸೆಮರ ದಾಟಿ ಮನೆ ಮರೆಯಾದ ಕೂಡಲೇ ತಾತ ಆ ಅಂಗಿ ಬಿಚ್ಚಿ ಪಂಜರಕ್ಕೆ ಸುತ್ತುತ್ತಿದ್ದ.

"ಥಂಡಿಗಿ ಇದು ಬಾಯಿ ಬಿಡಂಗಿಲ್ಲ ಯವ್ವಾ. ಇದು ಕೂಗಲಿಲ್ಲಂದ್ರ ನಾವಿಬ್ರು ಕುಂತು ಕೂಗಬೇಕನು? ನಿಮ್ಮಜ್ಜಿ ಮುಂದ ಹೇಳಬ್ಯಾಡ."

ನಾನು ಹೇಳಲಿಲ್ಲ. ಒಂಬತ್ತು ವರ್ಷದವಳಿಗೆ ಮಾಂಸದ ಆಸೆಯಿತ್ತು. ತಾತ ಬಾಯಿಗೆ ಟವೆಲ್ ಒತ್ತಿಕೊಂಡು ಕೆಮ್ಮು ನುಂಗುವುದನ್ನು ನೋಡುತ್ತ ಪಕ್ಕದಲ್ಲಿ ಕುಳಿತಿರುತ್ತಿದ್ದೆ.

ಒಂದು ದಿನ ಅಂಗಿ ಒಗೆಯಲು ಹೋದ ಅಜ್ಜಿ ಅದನ್ನು ಹಿಡಿದುಕೊಂಡೇ ಒಳಗೆ ಬಂದಳು.

"ಅಂಗಿ ಒಳಗ ಹಿಕ್ಕಿ ಅದಲ್ಲ, ಹಕ್ಕಿ ನಿನ್ನ ಎದಿಯಾಗ ಗೂಡು ಕಟ್ಯಾದನು?"

ತಾತ ಒಲೆಯ ಕಟ್ಟಿಗೆ ಸರಿಸಿದ. "ಅದಕ್ಕೂ ಥಂಡಿ ಇರತದ."

"ನಾಳಿ ನಿನಗೇನಾರ ಆದ್ರ ಅದು ಬಂದು ನನಗ ರೊಟ್ಟಿ ಹಾಕತದನು?" ಎಂದ ಅಜ್ಜಿ ನನ್ನತ್ತ ತಿರುಗಿದಳು. "ನಿನಗೂ ಗೊತ್ತಿತ್ತು, ಹೌದಿಲ್ಲ?"

ಮಧ್ಯಾಹ್ನ ಅವಳು ಪಂಜರವನ್ನು ಗೇಣು ಹಾಕಿ ಅಳೆದು, ಅದೇ ಸೀರೆಯ ಉಳಿದ ತುಂಡಿನಲ್ಲಿ ಇನ್ನೊಂದು ಕೌದಿ ಹೊಲಿದಳು. "ಇನ್ನ ನಿಂದು ನೀ ತೊಡು, ಅದರದು ಅದು ತೊಡಲಿ."

ಮರುದಿನ ಹುಣಸೆಮರ ದಾಟಿದರೂ ತಾತ ಅಂಗಿ ಬಿಚ್ಚಲಿಲ್ಲ. ಕೌಜುಗ ಕೂಗಿತು. ಆ ಚಳಿಗಾಲ ಹಾಗೇ ಕಳೆಯಿತು. ಮುಂದಿನದನ್ನು ತಾತ ದಾಟಲಿಲ್ಲ.

ಮಣ್ಣಿಗೆ ಒಯ್ಯುವ ಮುಂಚೆ ಅಜ್ಜಿ ಅವನಿಗೆ ಕೌದಿ ಅಂಗಿ ತೊಡಿಸಿ, ಬೇಟೆಗೆ ಕಳಿಸುವಾಗಿನಂತೆಯೇ ಕಸಿ ಕಟ್ಟಿದಳು. ಸಂಜೆ ಪಂಜರದ ಕೌದಿಯನ್ನು ಕಸಿ ಬಿಚ್ಚದೆ ಮೇಲಕ್ಕೆ ಜಾರಿಸಿ ಬಾಗಿಲು ತೆರೆದಳು. ಹಕ್ಕಿ ಹಾರಲಿಲ್ಲ, ಹೊಲದ ಕಡೆ ನಡೆದುಹೋಯಿತು.

ಈ ಪುಟ್ಟ ಕೌದಿಗೆ ಎರಡು ಕಸಿಗಳಿವೆ. ಅವಕ್ಕೆ ತಾತ ಹಾಕಿದ ಗಂಟು ಹಾಗೇ ಇದೆ. ನಾನು ಬಿಚ್ಚಿಲ್ಲ.